ರೊಟ್ಟಿ ಬಡಿಯುವಾಗಿನ ಹಾಡು

ಜೂನ್ 9, 2025, ಸೋಮವಾರ

ಐಟಿಐ ಮುಗಿದ ಮೇಲೆ ನಾನು ಪೆನ್ನು ಹಿಡಿದದ್ದು ಹಾಜರಿ ಪುಸ್ತಕದಲ್ಲಿ ಸಹಿ ಹಾಕಲು ಮಾತ್ರ. ಇವತ್ತು ಬರೆಯುತ್ತಿರುವುದಕ್ಕೆ ಕಾರಣ ದಾನೇಶ್ವರಿ ಮೇಡಂ. ಕೊಪ್ಪಳದಲ್ಲಿ ನನ್ನ ಕಿವಿ ಪರೀಕ್ಷೆ ಮಾಡಿದವರು ಅವರು. ಮನೆಯಲ್ಲಿ ಟಿವಿ ಸದ್ದು ಜಾಸ್ತಿ ಇಡುತ್ತೇನೆಂದು ಮಗಳು ಕವಿತಾ ಜಗಳ ಮಾಡಿ ಅಲ್ಲಿಗೆ ಕರೆದುಕೊಂಡು ಹೋದಳು.

ಗಾಜಿನ ಕೋಣೆಯಲ್ಲಿ ಕೂರಿಸಿ ಕೈಗೊಂದು ಗುಂಡಿ ಕೊಟ್ಟರು. ಸಪ್ಪಳ ಕೇಳಿದಾಗ ಒತ್ತಬೇಕು. ಬಹಳ ಹೊತ್ತು ಏನೂ ಬರಲಿಲ್ಲ. ಯಂತ್ರ ಇನ್ನೂ ಚಾಲೂ ಮಾಡಿಲ್ಲ ಅಂದುಕೊಂಡು ಸುಮ್ಮನೆ ಕೂತಿದ್ದೆ. ತಿರುಗಿ ನೋಡಿದರೆ ಗಾಜಿನ ಆಚೆ ಕವಿತಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಗ ತಿಳಿಯಿತು.

"ಕಿವಿ ಪೂರ್ತಿ ಹೋಗಿಲ್ರಿ ಹುಲಿಗೇಶ ಅವರ. ದಪ್ಪ ದನಿ ಕೇಳ್ತಾವ, ಸಣ್ಣ ದನಿ ಹೋಗ್ಯಾವ," ಎಂದರು ಮೇಡಂ. "ಇಪ್ಪತ್ತೆರಡು ವರ್ಷ ಕಾರ್ಖಾನಿ ಸಪ್ಪಳ, ಮ್ಯಾಲೆ ದಿನಾ ಇಯರ್‌ಫೋನ್. ಇಂದಿಗೆ ಅದನ್ನ ಬಂದ್ ಮಾಡ್ರಿ. ಯಾವ ಸಪ್ಪಳ ಕೇಳ್ಸಲಿಲ್ಲ, ಕಿವ್ಯಾಗ ಜೀಂ ಅನ್ನೋದು ಯಾವಾಗ ಜಾಸ್ತಿ ಆತು, ದಿನಾ ಬರದಿಡ್ರಿ."

ಅವರಿಗೆ ತೋರಿಸುವ ಪಟ್ಟಿ ಬೇರೆ ಹಾಳೆಯಲ್ಲಿದೆ. ಈ ನೋಟ್‌ಬುಕ್ಕು ನನಗೆ. ಕಾರ್ಖಾನೆಯಲ್ಲಿ ಯಾರಿಗೂ ಹೇಳಬಾರದೆಂದು ಕವಿತಾಳ ಹತ್ತಿರ ಆಣೆ ಹಾಕಿಸಿಕೊಂಡಿದ್ದೇನೆ. ಕಿವುಡನನ್ನು ಯಾರೂ ಕ್ರೇನ್ ಮೇಲೆ ಕೂರಿಸುವುದಿಲ್ಲ.

ಜೂನ್ 11, ಬುಧವಾರ

ಜೀಂ ಸದ್ದು ಬೆಳಿಗ್ಗೆ ಎದ್ದ ಕೂಡಲೇ ಜಾಸ್ತಿ. ಗಿಣಿಗೇರಾದ ಜೀರುಂಡೆಗಳೆಲ್ಲ ನನ್ನ ತಲೆಯಲ್ಲಿ ಮನೆ ಮಾಡಿದಂತೆ.

ಇಯರ್‌ಫೋನ್ ಇಲ್ಲದೆ ಇವತ್ತು ಮೂರನೆಯ ದಿನ. ಶಿಫ್ಟ್ ಮುಗಿಸಿ ರೈಲ್ವೆ ಗೇಟಿನವರೆಗೆ ನಡೆಯುವಾಗ ನನಗೆ ಮೂರು ಹಾಡು ಬೇಕು. ಮೊದಲು ಡೊಳ್ಳಿನದು, ಕಾಲಿಗೆ ಜೀವ ಬರುತ್ತದೆ. ಆಮೇಲೆ ಅಪ್ಪ ಶನಿವಾರದ ಭಜನೆಯಲ್ಲಿ ಹೇಳುತ್ತಿದ್ದ ತತ್ವಪದ. ಕೊನೆಗೆ ನನ್ನ ಮದುವೆಯ ವರ್ಷ ಬಂದ ಒಂದು ಸಿನಿಮಾ ಹಾಡು, ಅದರ ನಡುವೆ ಕೊಳಲು ಬರುತ್ತದೆ. ಆ ಕೊಳಲು ಕೇಳಿದ ಮೇಲೆ ಮೇಲಿನವರ ಬೈಗುಳ, ಶೆಡ್ಡಿನ ಕಾವು ಎಲ್ಲ ಇಳಿದು ಮನೆಗೆ ಮನುಷ್ಯನಾಗಿ ಹೋಗುತ್ತಿದ್ದೆ.

ಹೋಗುತ್ತಿದ್ದೆ ಎಂದೆ. ನಿಜ ಹೇಳಬೇಕೆಂದರೆ ಎರಡು ವರ್ಷದಿಂದ ಆ ಕೊಳಲು ಇಲ್ಲ. ಅದು ಬರುವ ಜಾಗದಲ್ಲಿ ತಬಲಾ ಮಾತ್ರ ಬಾರಿಸುತ್ತದೆ. ಇಯರ್‌ಫೋನ್ ಕೆಟ್ಟಿತೆಂದು ಮೂರು ಸಲ ಹೊಸದು ತಂದೆ. ಸದ್ದು ಹೆಚ್ಚಿಸಿದೆ. ಆದರೂ ಬರಲಿಲ್ಲ.

ಜೂನ್ 16, ಸೋಮವಾರ

ಕೇಳಿಸಲಿಲ್ಲ: ಕುಕ್ಕರ್ ಸೀಟಿ. ಗುಬ್ಬಿ. ಕವಿತಾಳ ಮೊಬೈಲ್. ಹಾಲಿನವನು.

ಹೆಂಡತಿ ಶಿವಲಿಂಗಮ್ಮ ಮೊದಲಿನಿಂದಲೂ ಗೊಣಗಿದಂತೆ ಮಾತಾಡುತ್ತಾಳೆ. ಅದು ಕಿವಿಯ ದೋಷವಲ್ಲ. ಬಾಯಿ ತೆರೆದು ಹೇಳಿದರೆ ಏನಾಗುತ್ತದೆ?

ಜೀಂ ಸದ್ದು ಇಡೀ ದಿನ.

ಜೂನ್ 24, ಮಂಗಳವಾರ

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಕಬ್ಬಿಣದ ಸರಳಿನ ಕಟ್ಟು ಇಳಿಸುತ್ತಿದ್ದೆ. ಕೆಳಗೆ ಸಿಗ್ನಲ್ ಕೊಡುವವನು ಹೊಳಿಯಪ್ಪ. ಹನ್ನೆರಡು ವರ್ಷದಿಂದ ನನ್ನ ಕ್ರೇನಿಗೆ ಅವನೇ ಕಣ್ಣು. ಕೈಸನ್ನೆ ಮಾಡುತ್ತಾನೆ, ಧೂಳು ಎದ್ದಾಗ ನಿಲ್ಲಿಸಬೇಕಾದರೆ ಸೀಟಿ ಊದುತ್ತಾನೆ. ಇವತ್ತು ಪಕ್ಕದ ಬಾಗಿಲು ತೆರೆದು ಧೂಳು ಒಳಗೆ ಬಂತು. ಅವನ ಕೈ ಕಾಣಲಿಲ್ಲ. ಸೀಟಿ ಬರಲಿಲ್ಲ, ಹಾಗಾಗಿ ಇಳಿಸಿದೆ. ಧೂಳು ಸರಿದಾಗ ಎಲ್ಲರೂ ಓಡುತ್ತಿದ್ದರು. ಹೊಳಿಯಪ್ಪ ಕೆಳಗೆ ಕೂತಿದ್ದ. ಕಟ್ಟಿನ ತುದಿ ಅವನ ಎಡಗಾಲ ಬೂಟಿನ ಮೇಲಿತ್ತು.

ಬೂಟು ಕಾಲು ಉಳಿಸಿತು. ಎರಡು ಬೆರಳು ಮುರಿದಿವೆ. ಒಂದು ಗೇಣು ಮುಂದೆ ನಿಂತಿದ್ದರೆ ಏನಾಗುತ್ತಿತ್ತೋ, ಬರೆಯಲಾರೆ.

ಜೂನ್ 25, ಬುಧವಾರ

ಹೊಳಿಯಪ್ಪನನ್ನು ನೋಡಲು ಹೋಗಿದ್ದೆ. ಮಂಚದ ಮೇಲೆ ಕಾಲು ಚಾಚಿ ಕೂತಿದ್ದ. ಅವನ ಹೆಂಡತಿ ಹುಲಗಮ್ಮ ಚಹಾ ಕೊಟ್ಟಳು.

"ಅಣ್ಣಾ, ನಾ ಸೀಟಿ ಊದಿನೋ," ಎಂದ ಹೊಳಿಯಪ್ಪ. "ಎರಡು ಸಲ ಊದಿನಿ. ತಡಿ ತಡಿ ಅಂತ ಒದರಿನಿ. ಇನ್‌ಚಾರ್ಜ್ ಗುರುಬಸವ ಸಾಹೇಬ್ರು ಕೇಳವಲ್ರು. ನೀನ ಊದಿಲ್ಲ, ಅದಕ್ಕ ಕ್ರೇನ್ ನಿಂತಿಲ್ಲ ಅಂತಾರ. ನೀ ಹೇಳು, ಕೇಳಿಸ್ತೋ ಇಲ್ಲೋ?"

"ಧೂಳಿತ್ತಲ್ಲೋ," ಎಂದೆ.

"ಧೂಳಿಗೂ ಸೀಟಿಗೂ ಏನ್ ಸಂಬಂಧ?"

ಚಹಾ ಅರ್ಧಕ್ಕೆ ಬಿಟ್ಟು ಎದ್ದು ಬಂದೆ.

ಜೂನ್ 27, ಶುಕ್ರವಾರ

ತಪ್ಪು ಹೊಳಿಯಪ್ಪನದೆಂದು ಬರೆಯುತ್ತಾರಂತೆ. ನಾಳೆ ಇಬ್ಬರ ಹೇಳಿಕೆ.

ಇಯರ್‌ಫೋನ್ ಹಾಕಿಕೊಂಡೆ. ತತ್ವಪದ ಹಚ್ಚಿದೆ. ಪೂರ್ತಿ ಸದ್ದು. ಸಮಾಧಾನ ಆಗಲಿಲ್ಲ.

ಜೂನ್ 28, ಶನಿವಾರ

ಹೇಳಿಬಿಟ್ಟೆ.

ಶಿಫ್ಟ್ ಇನ್‌ಚಾರ್ಜ್ ಗುರುಬಸವ ಸಾಹೇಬರ ಕೋಣೆಯಲ್ಲಿ ಹೊಳಿಯಪ್ಪ ಕುರ್ಚಿಯ ಮೇಲೆ, ಕಾಲು ಸ್ಟೂಲಿನ ಮೇಲೆ. ನಾನು ನಿಂತೇ ಇದ್ದೆ. ಸಾಹೇಬರು, "ಹುಲಿಗೇಶ, ಸೀಟಿ ಕೇಳಿಸ್ತೋ ಇಲ್ಲೋ, ಅಷ್ಟ ಹೇಳು," ಎಂದರು.

"ಕೇಳಿಸಲಿಲ್ರಿ. ಅವ ಊದ್ಯಾನ. ನನಗ ಸೀಟಿ ಕೇಳೂದ ಇಲ್ರಿ. ಎರಡು ವರ್ಷ ಆತು." ಕೊಪ್ಪಳದ ಪರೀಕ್ಷೆಯ ಕಾಗದ ಮೇಜಿನ ಮೇಲಿಟ್ಟೆ.

ಸಾಹೇಬರು ಕಾಗದವನ್ನು ಬಹಳ ಹೊತ್ತು ನೋಡಿದರು. ಹೊಳಿಯಪ್ಪ ನನ್ನನ್ನು ನೋಡಲಿಲ್ಲ. ಅವನು ಏನೋ ಅಂದ, ತಲೆ ತಗ್ಗಿಸಿ ಅಂದದ್ದರಿಂದ ನನಗೆ ತಿಳಿಯಲಿಲ್ಲ. ಮತ್ತೆ ಹೇಳು ಎಂದು ಕೇಳುವ ಧೈರ್ಯ ಬರಲಿಲ್ಲ.

ಮನೆಗೆ ಬಂದು ಶಿವಲಿಂಗಮ್ಮನಿಗೆ ಹೇಳಿದೆ, ಕ್ರೇನ್ ಹೋಯಿತು ಎಂದು. ಅವಳು ಬೈಯಲಿಲ್ಲ. ನನ್ನ ಎದುರು ಬಂದು ಕೂತು, ಮುಖ ನನ್ನ ಕಡೆ ಮಾಡಿ, ನಿಧಾನವಾಗಿ ಹೇಳಿದಳು: "ಹೊಳಿಯಪ್ಪ ಉಳದಾನಲ್ರಿ. ಅದು ಸಾಕು."

ಒಂದೊಂದು ಮಾತೂ ಕೇಳಿಸಿತು. ಅವಳ ಮೇಲಿನ ತುಟಿಯ ಬಲಗಡೆ ಸಣ್ಣ ಕಲೆಯಿದೆ. ಅದು ಯಾವಾಗಿನದೋ ಗೊತ್ತಿಲ್ಲ.

ಜುಲೈ 7, ಸೋಮವಾರ

ಕೆಲಸದಿಂದ ತೆಗೆಯಲಿಲ್ಲ. ಸ್ಟೋರಿಗೆ ಹಾಕಿದ್ದಾರೆ. ಕೈಗವಸು, ಹೆಲ್ಮೆಟ್, ಕಿವಿಗೆ ಸಿಕ್ಕಿಸಿಕೊಳ್ಳುವ ರಬ್ಬರ್ ತುಂಡು ಕೊಡುವುದು ನನ್ನ ಕೆಲಸ. ಆ ರಬ್ಬರ್ ತುಂಡುಗಳ ಡಬ್ಬಿ ಅಟ್ಟದ ತುದಿಯಲ್ಲಿ ಧೂಳು ತಿನ್ನುತ್ತಿತ್ತು. ಕೆಳಗಿಳಿಸಿ ಕಿಟಕಿಯ ಹತ್ತಿರ ಇಟ್ಟೆ. ಹೊಸ ಹುಡುಗರು ನಕ್ಕರು. ಅವರ ವಯಸ್ಸಿನಲ್ಲಿ ನಾನೂ ನಗುತ್ತಿದ್ದೆ.

ನಲವತ್ತು ಅಡಿ ಮೇಲಿಂದ ಶೆಡ್ಡೆಲ್ಲ ನೋಡುತ್ತಿದ್ದವನಿಗೆ ಈಗ ಒಂದು ಕಿಟಕಿ. ಆದರೆ ಬರುವವರೆಲ್ಲ ಎದುರಿಗೇ ನಿಂತು ಮಾತಾಡುತ್ತಾರೆ. ಯಾರ ಬಾಯಿ ಹೇಗೆ ತಿರುಗುತ್ತದೆ ಎಂಬುದು ಗೊತ್ತಾಗತೊಡಗಿದೆ.

ಜುಲೈ 15, ಮಂಗಳವಾರ

ದಾನೇಶ್ವರಿ ಮೇಡಂ ಎರಡೂ ಕಿವಿಗೆ ಯಂತ್ರ ಹಾಕಿದರು. ಕಡಲೆಕಾಳಿನಷ್ಟು ದಪ್ಪ.

ಕೊಪ್ಪಳದ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ತಲೆ ಸಿಡಿಯಿತು. ಹಾರ್ನ್, ಬ್ರೇಕು, ಪ್ಲಾಸ್ಟಿಕ್ ಚೀಲದ ಪರಪರ, ಎಲ್ಲ ಒಂದೇ ಸಮ ಮೈಮೇಲೆ ಬಿದ್ದವು. ಮನೆಗೆ ಬಂದ ಕೂಡಲೇ ಆಸೆಯಿಂದ ಆ ಸಿನಿಮಾ ಹಾಡು ಹಚ್ಚಿದೆ. ಕೊಳಲು ಬಂತು. ಆದರೆ ಯಾರೋ ತಗಡಿನ ಮೇಲೆ ಮೊಳೆ ಗೀರಿದಂತೆ ಬಂತು. ನನ್ನ ಮೂರೂ ಹಾಡು ತಗಡಾಗಿವೆ.

"ಮೊದಲು ಹಂಗ ಅನಸ್ತೈತಪಾ, ಮೇಡಂ ಹೇಳಿದ್ರಲ್ಲ, ದಿನಾ ಹಾಕ್ಕೊಬೇಕು," ಎಂದಳು ಕವಿತಾ.

ತೆಗೆದು ಡಬ್ಬಿಯಲ್ಲಿಟ್ಟೆ. ಡಬ್ಬಿ ಟಿವಿ ಮೇಲೆ.

ಜುಲೈ 19, ಶನಿವಾರ

ಭಜನೆಗೆ ಹೋಗಲಿಲ್ಲ.

ಜುಲೈ 27, ಭಾನುವಾರ

ಇವತ್ತು ರಜೆ. ಕವಿತಾ ಗೆಳತಿಯ ಮನೆಗೆ ಹೋಗಿದ್ದಳು. ಪಡಸಾಲೆಯ ಮಂಚದ ಮೇಲೆ ಬಿದ್ದುಕೊಂಡಿದ್ದೆ. ಮೇಡಂ ಬೈಯುತ್ತಾರಲ್ಲ ಎಂದು ಎದ್ದು ಯಂತ್ರ ಹಾಕಿಕೊಂಡು, ಸದ್ದು ಕಡಿಮೆ ಮಾಡಿ, ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಒಳಗೆ ಶಿವಲಿಂಗಮ್ಮ ರೊಟ್ಟಿ ಬಡಿಯುತ್ತಿದ್ದಳು. ದಪ್ ದಪ್ ದಪ್. ಅದು ಕಿವಿಗೆ ಹಿತವಾಗಿತ್ತು. ಹಾಗೇ ಕೇಳುತ್ತ ಇದ್ದೆ.

ಆ ಬಡಿತದ ಜೊತೆಗೆ ಒಂದು ದನಿ ಬಂತು. ಪಕ್ಕದ ಮನೆಯ ರೇಡಿಯೋ ಇರಬೇಕೆಂದುಕೊಂಡೆ. ರೊಟ್ಟಿ ನಿಂತಾಗ ಅದೂ ನಿಂತಿತು, ರೊಟ್ಟಿ ಶುರುವಾದಾಗ ಅದೂ ಶುರುವಾಯಿತು. ದಪ್ಪ, ಆಳದ ದನಿ. ಯಂತ್ರ ಹಾಕಿಕೊಂಡರೆ ಅಂಥ ದನಿ ನನಗೆ ಚೆನ್ನಾಗಿ ಕೇಳುತ್ತದೆ.

*ಅಕ್ಕಿಯ ಆರಿಸಿ ಹರಳು ತೆಗೆದೇನವ್ವ*
*ಹೊಟ್ಟ್ಯಾಗಿನ ಹರಳ ತೆಗೆಯೋರ್ಯಾರ, ಗೆಳತೆವ್ವ*
*ನಕ್ಕೊಂತ ನೀಡೀನಿ ಊಟಕ್ಕ*

ಇಪ್ಪತ್ತು ವರ್ಷದ ಸಂಸಾರದಲ್ಲಿ ಶಿವಲಿಂಗಮ್ಮ ಹಾಡಿದ್ದನ್ನು ನಾನು ಕೇಳಿಲ್ಲ. ಅವಳ ತವರು ಗಂಗಾವತಿ ಹತ್ತಿರದ ಮರಳಿ ಎಂಬ ಊರು. ಅಲ್ಲಿ ಭತ್ತ ನಾಟಿ ಮಾಡುವ ಹೆಂಗಸರು ಬೆನ್ನು ಬಗ್ಗಿಸಿದಷ್ಟು ಹೊತ್ತೂ ಹಾಡುತ್ತಾರೆ, ಅವಳ ತಾಯಿ ಸಣ್ಣವ್ವ ಹಾಡು ಎತ್ತಿಕೊಟ್ಟರೆ ಉಳಿದವರು ಹಿಡಿಯುತ್ತಿದ್ದರು ಎಂದು ಯಾರೋ ಹೇಳಿದ್ದು ನೆನಪು. ಧಾಟಿ ಅದೇ ಇರಬೇಕು. ಮಾತು ಮಾತ್ರ ಇವಳದೇ.

ಊಟಕ್ಕೆ ಕರೆಯಲು ಬಂದಾಗ ನಾನು ಯಂತ್ರ ತೆಗೆದು ಕಿಸೆಯಲ್ಲಿ ಹಾಕಿಕೊಂಡಿದ್ದೆ. ಯಾಕೆ ತೆಗೆದೆ? ಗೊತ್ತಿಲ್ಲ. ಅವಳು ನಕ್ಕೊಂತ ನೀಡಿದಳು.

ಜುಲೈ 29, ಮಂಗಳವಾರ, ಪಂಚಮಿ

ಬೆಳಿಗ್ಗೆ ಉಂಡಿ ಕಟ್ಟುವಾಗಲೂ ಹಾಡಿದಳು. ನಾನು ಪಡಸಾಲೆಯಲ್ಲಿ ನಿದ್ದೆ ಬಂದವನಂತೆ ಮಲಗಿದ್ದೆ.

*ಹಡೆದವ್ವ ಹೋದಾಗ ಬಸ್ಸಿನ್ಯಾಗ ಕುಂತಿದ್ದೆ*
*ಮಗ್ಗಲದಾಗಿದ್ದ ನನ ರಾಯ, ಕಿವಿ ತುಂಬ*
*ಹಾಡಿತ್ತ, ಕೇಳಲಿಲ್ಲ ನನ್ನ ಅಳು*

ಎರಡು ವರ್ಷದ ಹಿಂದೆ ನಮ್ಮ ಅತ್ತೆ ಸಣ್ಣವ್ವ ತೀರಿಕೊಂಡಾಗಿನ ಮಾತು. ಗಿಣಿಗೇರಾದಿಂದ ಗಂಗಾವತಿಗೆ ಬಸ್ಸಿನಲ್ಲಿ ಹೋದೆವು. ಸಾವಿನ ಮನೆಗೆ ಹೋಗುವ ಮುಂಚೆ ಮನಸ್ಸು ಗಟ್ಟಿಯಾಗಲಿ ಎಂದು ಇಯರ್‌ಫೋನ್ ಹಾಕಿಕೊಂಡಿದ್ದೆ. ಅವಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಗದ್ದೆ ನೋಡುತ್ತಿದ್ದಾಳೆ ಅಂದುಕೊಂಡಿದ್ದೆ.

ನನ್ನ ಸಮಾಧಾನದ ಹಾಡುಗಳು.

ಜುಲೈ 31, ಗುರುವಾರ

ಸಂಜೆ ಮತ್ತೆ ಕದ್ದು ಕೇಳಿದೆ. ಕಿವುಡನ್ನು ಬಚ್ಚಿಟ್ಟವನು ಈಗ ಕೇಳಿಸುವುದನ್ನು ಬಚ್ಚಿಡುತ್ತಿದ್ದೇನೆ. ಹೇಳಿದರೆ ಹಾಡು ನಿಂತುಹೋಗುತ್ತದೆ, ಹೇಳದಿದ್ದರೆ ಕಳ್ಳತನ.

*ಊರೆಲ್ಲ ಹುಡುಕಿದರ ಇಂಥಾವ ಸಿಗಲಾರ*
*ಮಾತಿಗೆ ಮಾರಿ ತಿರುವ್ಯಾನ, ಕೇಳವ್ವ*
*...ಕಾತ ನನಗ ಇವನ ಸಂಗ*

ಆ ಮೊದಲ ಅಕ್ಷರ ರೊಟ್ಟಿಯ ಬಡಿತದಲ್ಲಿ ಹೋಯಿತು. ಸಾಕಾತ ಎಂದೇ ಇರಬೇಕು. ಸಾಕಾತ ನನಗ ಇವನ ಸಂಗ. ಬೇರೆ ಏನಿದ್ದೀತು?

ಆಗಸ್ಟ್ 3, ಭಾನುವಾರ

ಕವಿತಾ ಹಿಡಿದುಬಿಟ್ಟಳು. ಮಲಗಿದ್ದ ನನ್ನ ಕಿವಿಯಲ್ಲಿ ಯಂತ್ರ, ಕಣ್ಣಲ್ಲಿ ನೀರು. ಅಡುಗೆಮನೆಯಿಂದ ಹಾಡು. ಒಂದು ನಿಮಿಷ ನಿಂತು ನೋಡಿದಳು. ನನ್ನ ಮುಂದೆ ಕುಕ್ಕುರುಗಾಲಲ್ಲಿ ಕೂತು, ತುಟಿ ಮಾತ್ರ ಆಡಿಸಿ ಹೇಳಿದಳು: "ಅವ್ವಗ ಹೇಳು."

ಎದ್ದು ಅಡುಗೆಮನೆಯ ಬಾಗಿಲಿಗೆ ಹೋದೆ. ಶಿವಲಿಂಗಮ್ಮ ನನ್ನನ್ನು ನೋಡಿದಳು, ಆಮೇಲೆ ನನ್ನ ಕಿವಿ ನೋಡಿದಳು. ಅವಳ ಕೈ ಹಿಟ್ಟಿನ ಮೇಲೆ ನಿಂತಿತು.

"ಎಷ್ಟು ದಿನದಿಂದ ಕೇಳಾಕತ್ತೀರಿ?"

"ಒಂದು ವಾರ ಆತು."

"ಏನೇನ ಕೇಳಿದ್ರಿ?"

"ಎಲ್ಲಾ. ಬಸ್ಸಿಂದೂ."

ಅವಳ ಮುಖ ಕೆಂಪಗಾಯಿತು. "ನಿಮಗ ಕೇಳೂದಿಲ್ಲಂತ ಗೊತ್ತಾದ ಮ್ಯಾಲೆ ಹಾಡಾಕ ಚಾಲೂ ಮಾಡೀನಿ ನಾನು. ನಿಮಗಿಂತ ಮೊದಲ ನನಗ ಗೊತ್ತಿತ್ತು ನಿಮ್ಮ ಕಿವಿ ಹೋಗ್ಯಾವಂತ. ಮದಿವ್ಯಾದ ಹೊಸದಾಗ ಹಾಡಿದ್ರ ನಿಮ್ಮವ್ವ ಬೈತಿದ್ರು, ಬಾಯಿ ಮುಚ್ಚಿದ್ದೆ. ಇದೊಂದು ಜಾಗ ಸಿಕ್ಕಿತ್ತು ನನಗ. ಇದನ್ನೂ ಕದ್ರಿ."

ಒಲೆ ಆರಿಸಿ, ಕೈ ತೊಳೆದು, ಪಕ್ಕದ ಮನೆಯ ಇಮಾಮಬೀ ಹತ್ತಿರ ಹೋಗಿ ಕೂತಳು. ಉಳಿದ ಹಿಟ್ಟಿನಲ್ಲಿ ಕವಿತಾ ರೊಟ್ಟಿ ಮಾಡಿದಳು. ಎಲ್ಲ ಹರಿದವು. ಹರಿದದ್ದನ್ನೇ ತಿಂದೆವು.

ಆಗಸ್ಟ್ 6, ಬುಧವಾರ

ಮೂರು ದಿನದಿಂದ ಬರೀ ರೊಟ್ಟಿಯ ಸಪ್ಪಳ. ಕೆಲಸಕ್ಕೆ ಹೋಗುವಾಗ, ಬರುವಾಗ ಯಂತ್ರ ಹಾಕಿಕೊಂಡೇ ಇದ್ದೇನೆ. ಬಚ್ಚಿಡಲು ಈಗ ಏನೂ ಉಳಿದಿಲ್ಲ.

ಹೊಳಿಯಪ್ಪ ಇವತ್ತು ಕೆಲಸಕ್ಕೆ ಬಂದ. ಕುಂಟುತ್ತ ಸ್ಟೋರಿನ ಕಿಟಕಿಗೆ ಬಂದು, ನನ್ನ ಮುಖದ ಹತ್ತಿರ ಮುಖ ತಂದು, "ಹೊಸ ಬೂಟು ಕೊಡೋ ಅಣ್ಣಾ, ಹಳೇದು ನೀ ತಿಂದಿ," ಎಂದ. ಇಬ್ಬರೂ ನಕ್ಕೆವು. ಆವತ್ತು ಸಾಹೇಬರ ಕೋಣೆಯಲ್ಲಿ ಏನಂದೆ ಎಂದು ಈಗ ಕೇಳಿದೆ. "ಮೊದಲ ಹೇಳಿದ್ರ ಬಾವುಟ ಬೀಸ್ತಿದ್ನಲ್ಲೋ ಅಂದೆ," ಎಂದ. ಅಷ್ಟೇ ಅಂದದ್ದು. ನಾನು ಒಂದು ತಿಂಗಳು ಅದನ್ನು ಏನೇನೋ ಬೈಗುಳ ಮಾಡಿಕೊಂಡಿದ್ದೆ.

ಆಗಸ್ಟ್ 8, ಶುಕ್ರವಾರ

ಸಂಜೆ ಶಿವಲಿಂಗಮ್ಮ ಅಂಗಳದಲ್ಲಿ ಒಣಗಿದ ಬಟ್ಟೆ ಝಾಡಿಸುತ್ತಿದ್ದಳು. ಕಾರ್ಖಾನೆಯ ಕರಿ ಧೂಳು ಹಾರುತ್ತಿತ್ತು. ನಾನು ಹೋಗಿ ಹಾಸಿಗೆ ಚಾದರದ ಇನ್ನೊಂದು ತುದಿ ಹಿಡಿದೆ. ಇಬ್ಬರೂ ಝಾಡಿಸಿದೆವು.

"ಆವತ್ತು ಬಸ್ಸಿನ್ಯಾಗ ನೀ ಅಳೂದು ನನಗ ಗೊತ್ತಾಗಲಿಲ್ಲ," ಎಂದೆ.

"ಗೊತ್ತಾಗಿದ್ರ ಏನ್ ಮಾಡ್ತಿದ್ರಿ?"

ಯೋಚನೆ ಮಾಡಿದೆ. ಸುಳ್ಳು ಹೇಳಬಾರದು ಅನ್ನಿಸಿತು. "ಗೊತ್ತಿಲ್ಲ," ಎಂದೆ.

"ನನಗೂ ಗೊತ್ತಿಲ್ಲ. ಆದ್ರ ಗೊತ್ತಾಗಬೇಕಿತ್ತು."

ಚಾದರ ಮಡಚಿದೆವು. ನಮ್ಮ ಅತ್ತೆ ಹೇಗೆ ಹಾಡುತ್ತಿದ್ದರು ಎಂದು ಕೇಳಿದೆ. ಅವಳು ಚಾದರ ಒಳಗಿಟ್ಟು ಬಂದಳು. ಆಮೇಲೆ ಕಟ್ಟೆಯ ಮೇಲೆ ಕೂತು ಹೇಳತೊಡಗಿದಳು. ನಾಟಿಯ ದಿನ ಸಣ್ಣವ್ವ ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ಹಾಡು ಎತ್ತುತ್ತಿದ್ದಳಂತೆ. ಗದ್ದೆಯ ಗೌಡ ಕೂಲಿ ಹೆಣ್ಣುಮಕ್ಕಳಿಗೆ ಬೈದರೆ ಅವನ ಹೆಸರು ಹಾಡಿನಲ್ಲಿ ಸೇರಿಸಿ, ಅವನ ಎದುರಿಗೇ ಹಾಡಿ ನಗಿಸುತ್ತಿದ್ದಳಂತೆ. "ಅವ್ವ ಬೈಗುಳಾನೂ ಹಾಡಿನ್ಯಾಗ ಬೈತಿದ್ಲು. ಹಾಡಿನ್ಯಾಗ ಬೈದ್ರ ಯಾರಿಗೂ ಸಿಟ್ಟ ಬರೂದಿಲ್ಲ ಅಂತಿದ್ಲು." ಕತ್ತಲಾಗುವವರೆಗೆ ಹೇಳಿದಳು. ಬೆಳಕು ಕಡಿಮೆಯಾಗಿ ಅವಳ ತುಟಿ ಕಾಣದಾದಾಗ ಅಂಗಳದ ದೀಪ ಹಾಕಿ ಬಂದು ಮತ್ತೆ ಕೂತೆ.

ಆಗಸ್ಟ್ 10, ಭಾನುವಾರ

ಮಧ್ಯಾಹ್ನ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತೆ. ಈಚೆಗೆ ಅಲ್ಲೇ ಕೂರುತ್ತೇನೆ, ಟಿವಿ ಮುಂದೆ ಊಟ ಮಾಡಿದರೆ ಅವಳು ಹೇಳಿದ್ದು ತಿಳಿಯುವುದಿಲ್ಲ. ಶಿವಲಿಂಗಮ್ಮ ಹಿಟ್ಟು ನಾದುತ್ತಿದ್ದಳು. ಹತ್ತು ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದನ್ನು ಕೇಳಿಬಿಟ್ಟೆ.

"ಒಂದು ಪದದ ಮೊದಲನೇ ಅಕ್ಷರ ನನಗ ಕೇಳಲಿಲ್ಲ. ಊರೆಲ್ಲ ಹುಡುಕಿದರ ಇಂಥಾವ ಸಿಗಲಾರ ಅನ್ನೋದು. ಕಡೀಕ ಏನಂದಿ? ಸಾಕಾತ ಅಂದೇನು?"

ಅವಳ ಕೈ ನಿಂತಿತು. ನನ್ನನ್ನು ದಿಟ್ಟಿಸಿ ನೋಡಿದಳು. "ಹತ್ತು ದಿನ ಅದನ್ನ ಇಟ್ಕೊಂಡು ಕುಂತೀರೇನು?"

"ಹೂಂ."

"ಸಾಕಾತ ಅಂತೂ ಹಾಡೀನಿ," ಎಂದಳು. "ಬೇಕಾತ ಅಂತೂ ಹಾಡೀನಿ. ಹಾಡು ಒಂದ. ಅವತ್ತಿನ ದಿನ ಹೆಂಗಿರತೈತಿ ಹಂಗ ಅಕ್ಷರ ಬದಲಾಕ್ಕೈತಿ."

"ನಾ ಕೇಳಿದ ದಿನ ಯಾವುದು?"

"ಯಾರಿಗೆ ನೆನಪೈತ್ರಿ? ಗುರುವಾರದ ರೊಟ್ಟಿ ಹೆಂಗಾಗಿತ್ತು ಅಂತ ಕೇಳಿದಂಗಾತು ನೀವು ಕೇಳೂದು." ನಗು ತಡೆಯಲಾಗದೆ ಹಿಟ್ಟಿನ ಕೈಯಿಂದ ಬಾಯಿ ಮುಚ್ಚಿಕೊಂಡಳು. ಗಲ್ಲದ ಮೇಲೆ ಬಿಳಿ ಹಿಟ್ಟು ಮೆತ್ತಿತು. ನಾನೂ ನಕ್ಕೆ. ಒಳಗೆ ಓದುತ್ತಿದ್ದ ಕವಿತಾ ಏನಾಯಿತೆಂದು ಇಣುಕಿ ಹೋದಳು.

ಆಮೇಲೆ ಶಿವಲಿಂಗಮ್ಮ ಒಂದು ಉಂಡೆ ತೆಗೆದುಕೊಂಡು ಬಡಿಯತೊಡಗಿದಳು. ದಪ್ ದಪ್ ದಪ್. ಸ್ವಲ್ಪ ಹೊತ್ತು ಬರೀ ಬಡಿತ. "ನನ್ನ ಮಾರಿ ನೋಡಬ್ಯಾಡ್ರಿ, ನಾಚಿಕಿ ಬರತೈತಿ," ಎಂದಳು. ನಾನು ಒಲೆಯ ಉರಿ ನೋಡುತ್ತ ಕೂತೆ. ಅವಳು ಹಾಡಿದಳು, ಅದೇ ಪದ, ಮೊದಲಿಂದ ಕಡೆಯವರೆಗೆ. ಎರಡನೆಯ ಸಾಲಿಗೆ ಬಂದಾಗ ದನಿ ನಡುಗಿತು, ಆಮೇಲೆ ಗಟ್ಟಿಯಾಯಿತು. ಮೂರನೆಯ ಸಾಲು ಬರುವಾಗ ಬಡಿಯುವ ಕೈ ನಿಲ್ಲಿಸಿದಳು, ಅಕ್ಷರ ಸಪ್ಪಳದಲ್ಲಿ ಹೋಗಬಾರದೆಂದು.

ಸ್ಪಷ್ಟವಾಗಿ ಕೇಳಿಸಿತು. ಯಾವುದೆಂದು ಇಲ್ಲಿ ಬರೆಯುವುದಿಲ್ಲ.